ಐದೂ ಚೀಲ ಒಂದನೇ ನಂಬರು

ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಪಾರಾಗುವ ದಾರಿಗಳು ನೂರಿವೆ. ಗೊತ್ತಿಲ್ಲದೆ ನಿಜ ಹೇಳಿ ಸಿಕ್ಕಿಬಿದ್ದವನಿಗೆ ಒಂದೂ ಇಲ್ಲ. ನಂಬರಪ್ಪನವರಿಗೆ ಒದಗಿದ ಕಷ್ಟ ಈ ಎರಡನೆಯ ಬಗೆಯದು.

ಹೆತ್ತವರು ಅವರಿಗೆ ಇಟ್ಟ ಹೆಸರು ಬೇರೆ. ಆದರೆ ನೀರು ಸರಬರಾಜು ಕಚೇರಿಯ ಟಪಾಲು ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದೇ ಕುರ್ಚಿಯಲ್ಲಿ ಕುಳಿತು, ಒಳಬಂದ ಪ್ರತಿಯೊಂದು ಕಾಗದದ ಮೂಲೆಯಲ್ಲಿ ಕೆಂಪು ಶಾಯಿಯ ವೃತ್ತ ಎಳೆದು, ಅದರೊಳಗೆ ನಂಬರು ಬರೆಯುತ್ತ ಬಂದವರನ್ನು ಲೋಕ ಇನ್ನೇನೆಂದು ಕರೆದೀತು? ಮಂತ್ರಿಗಳ ಪತ್ರವಿರಲಿ, ನಲ್ಲಿ ಸೋರುತ್ತದೆ ಎಂಬ ಮುದುಕಿಯ ಅರ್ಜಿಯಿರಲಿ, ಬೋಳುತಲೆಗೆ ಕೂದಲು ಬರಿಸುವ ಎಣ್ಣೆಯ ಜಾಹೀರಾತಿರಲಿ, ಮೊದಲು ಬಂದದ್ದಕ್ಕೆ ಮೊದಲ ನಂಬರು, ಆಮೇಲೆ ಬಂದದ್ದಕ್ಕೆ ಆಮೇಲಿನದು. ನಂಬರಿಗೆ ಕುಲವಿಲ್ಲ, ಹುದ್ದೆಯಿಲ್ಲ, ಅಹಂಕಾರವಿಲ್ಲ ಎಂಬುದು ಅವರ ಅಚಲ ನಂಬಿಕೆ. ಇಡೀ ಜಗತ್ತು ತಮ್ಮಂತೆಯೇ ನಂಬಿದೆ ಎಂದುಕೊಂಡದ್ದೇ ಅವರು ಮಾಡಿದ ತಪ್ಪು.

ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡುವುದು ನ್ಯಾಯ. ನಂಬರಪ್ಪನವರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಹನ್ನೊಂದು ವರ್ಷಗಳ ಹಿಂದೆ ಬಂದ ಒಂದು ನೆಗಡಿ ಮೂರು ವಾರ ಅತಿಥಿಯಾಗಿದ್ದು, ಹೊರಡುವಾಗ ಮೂಗಿನ ಶಕ್ತಿಯನ್ನು ಗಂಟುಕಟ್ಟಿಕೊಂಡು ಹೋಯಿತು. ಒಲೆಯ ಮೇಲೆ ಹಾಲು ಸೀದು ಕರಿಯಾಗಿ ಪಕ್ಕದ ಮನೆಯವರು ಬಾಗಿಲು ಬಡಿಯುವಾಗಲೂ ಅವರು ಅಲ್ಲೇ ಪಕ್ಕದಲ್ಲಿ ನೆಮ್ಮದಿಯಾಗಿ ಪತ್ರಿಕೆ ಓದುತ್ತಿದ್ದ ನಿದರ್ಶನವುಂಟು. ಈ ಗುಟ್ಟು ಹೆಂಡತಿಯೊಬ್ಬಳಿಗೆ ಮಾತ್ರ ಗೊತ್ತಿತ್ತು.

ಹೀಗಿರುವಾಗ, ಎರಡು ವರ್ಷಗಳ ಕೆಳಗೆ, ಟೈರು ಅಂಗಡಿ ಇಟ್ಟುಕೊಂಡಿದ್ದ ಅವರ ಭಾಮೈದ ತನ್ನ ಮನೆಯ ತಾರಸಿಯ ಮೇಲೆ ತಾನೇ ತಯಾರಿಸಿದ ಬಿಯರನ್ನು ಹತ್ತಾರು ಜನರಿಗೆ ಹಂಚಿದ. ಎಲ್ಲರೂ "ಚೆನ್ನಾಗಿದೆ, ಚೆನ್ನಾಗಿದೆ" ಎಂದರು. ಅಕ್ಕನ ಗಂಡನಾದವನು ಎಲ್ಲರಂತೆ ಬರಿಯ ಚೆನ್ನಾಗಿದೆ ಎಂದರೆ ಘನತೆಗೆ ಕಡಿಮೆಯಲ್ಲವೇ? ನಂಬರಪ್ಪನವರು ಗ್ಲಾಸನ್ನು ಮೂಗಿನ ಕೆಳಗೆ ಹಿಡಿದು, ಕಣ್ಣು ಮುಚ್ಚಿ, ಉಸಿರೆಳೆದು, "ಕೊನೆಯಲ್ಲಿ ಸ್ವಲ್ಪ ಕಿತ್ತಳೆ ಸಿಪ್ಪೆ ಬರುತ್ತಲ್ಲ?" ಎಂದುಬಿಟ್ಟರು.

ಭಾಮೈದನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅವನು ಯಾರಿಗೂ ಹೇಳದೆ ಹಾಕಿದ್ದ ಹಾಪ್ಸಿನ ಪರಿಮಳ ಕಿತ್ತಳೆ ಸಿಪ್ಪೆಯದೇ ಆಗಿತ್ತು. ಅಲ್ಲೇ ಇದ್ದ, ಮನೆಯಲ್ಲಿ ಬಿಯರು ಮಾಡುವ ಹದಿಮೂರು ಮಂದಿಯ ಬಳಗದ ಹಿರಿಯರಾದ ದಂತವೈದ್ಯರು ಎದ್ದು ನಿಂತು, "ಮೂವತ್ತು ವರ್ಷದಿಂದ ಬಾಯಿಗಳನ್ನ ನೋಡ್ತಾ ಇದ್ದೀನಿ ಸ್ವಾಮಿ, ಮೂಗು ಅಂದ್ರೆ ಏನು ಅಂತ ಇವತ್ತು ನೋಡಿದೆ!" ಎಂದು ಘೋಷಿಸಿದರು. ಅಂದಿನಿಂದ ನಂಬರಪ್ಪನವರು ಬಳಗದ ಸದಸ್ಯರು. ಅಷ್ಟೇ ಅಲ್ಲ, ಬಳಗದ ಮೂಗು.

ಭಾಮೈದನಿಗೆ ಇದನ್ನು ಸಹಿಸಲಾಗಲಿಲ್ಲ. ಈ ವರ್ಷದ ಸಭೆಯಲ್ಲಿ ಅವನು ಕೆಮ್ಮಿ ಎದ್ದ.

"ಭಾವ, ತಪ್ಪು ತಿಳಿಬೇಡಿ. ಎರಡು ವರ್ಷದಿಂದ ನೀವು ಎಲ್ಲರ ಬಿಯರೂ ಮೂಸ್ತೀರಿ. ನೀವು ಮಾಡಿ ತಂದದ್ದು ಮಾತ್ರ ಬಾಟಲಿ ತೊಳೆದ ನೀರು ಇದ್ದ ಹಾಗಿರುತ್ತೆ. ಅಷ್ಟು ದೊಡ್ಡ ಮೂಗು ಇಟ್ಕೊಂಡು ಒಂದು ಹಾಪ್ಸ್ ಆರಿಸಕ್ಕೆ ಬರಲ್ವಾ?"

ಹಾಪ್ಸ್ ಎಂದರೆ ಒಂದು ಬಳ್ಳಿಯ ಹಸಿರು ಹೂಮೊಗ್ಗು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಅದೇ. ಒಂದೊಂದು ತಳಿಗೆ ಒಂದೊಂದು ಗುಣ. ಅಂಗಡಿಯಲ್ಲಿ ಅದನ್ನು ಅರೆದು, ಒತ್ತಿ, ಚಿಕ್ಕ ಗುಳಿಗೆಗಳಾಗಿ ಮಾರುತ್ತಾರೆ.

ನಂಬರಪ್ಪನವರಿಗೆ ರೋಷ ನೆತ್ತಿಗೇರಿತು. "ಈ ಸಲ ಬ್ಲಾಂಡ್ ಏಲ್ ಮಾಡ್ತೀನಿ!" ಎಂದು ಗುಡುಗಿದರು. "ಹೊಂಬಣ್ಣ, ಹಗುರ, ತಪ್ಪು ಮುಚ್ಚಿಡೋಕೆ ಎಲ್ಲೂ ಜಾಗ ಇಲ್ಲದ ಬಿಯರು. ಐದು ತಳಿ ಹಾಪ್ಸ್ ತಂದು, ಪರೀಕ್ಷೆ ಮಾಡಿ, ಒಂದನ್ನ ಆರಿಸ್ತೀನಿ. ವಾರ್ಷಿಕ ರುಚಿಸಭೆಯಲ್ಲಿ ಅದರ ಹೆಸರು ಹೇಳಿ, ಯಾಕೆ ಆರಿಸಿದೆ ಅಂತ ಅರ್ಧ ಗಂಟೆ ಭಾಷಣ ಮಾಡ್ತೀನಿ!"

"ಹೇಳಕ್ಕೆ ಆಗದಿದ್ರೆ?"

"ಒಂದು ವರ್ಷ ಬಳಗದ ಎಲ್ಲಾ ಬಾಟಲಿ ನಾನೇ ತೊಳೀತೀನಿ! ಹೇಳಿದ್ರೆ ನೀನು ತೊಳೀಬೇಕು!"

ದಂತವೈದ್ಯರು ಇದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡು, ಇಬ್ಬರ ಸಹಿಯನ್ನೂ ಹಾಕಿಸಿದರು. ಹದಿನಾಲ್ಕು ಮಂದಿಯ ಬಾಟಲಿಗಳೆಂದರೆ ತಿಂಗಳಿಗೆ ಆರುನೂರು. ತಳದಲ್ಲಿ ಅಂಟಿದ ಗಸಿಯನ್ನು ಉದ್ದನೆಯ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಹಿಂದಿನ ವರ್ಷ ಇಂಥದೇ ಪಂಥದಲ್ಲಿ ಸೋತವನ ಮೊಣಕೈ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ.

ಮನೆಗೆ ಬಂದು ವಿಷಯ ತಿಳಿಸಿದಾಗ ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಅಲ್ಲರೀ, ಕುರುಡ ಹೋಗಿ ಸೀರೆ ಬಣ್ಣ ಆರಿಸ್ತೀನಿ ಅಂತ ಪಂಥ ಕಟ್ಟಿದ ಹಾಗಾಯ್ತಲ್ಲ ನಿಮ್ಮ ಕಥೆ."

"ನನ್ನ ಮೂಗು ಇಲ್ಲದಿದ್ರೆ ಏನಂತೆ? ಊರಲ್ಲಿ ಬೇರೆಯವರಿಗೆ ಮೂಗಿಲ್ವಾ?" ಎಂದರು ನಂಬರಪ್ಪನವರು, ತಾವೇ ಅನ್ಯಾಯಕ್ಕೊಳಗಾದವರಂತೆ. "ಐದು ಚೀಲ, ಐದು ಜನ. ದಿನಕ್ಕೊಂದು ಚೀಲ ಒಬ್ಬೊಬ್ಬರ ಹತ್ತಿರ. ಮೂಸೋದು, ಚೀಟಿಯಲ್ಲಿ ಬರೆಯೋದು, ಮಾರನೇ ದಿನ ಮುಂದಿನವರಿಗೆ ದಾಟಿಸೋದು. ಐದು ದಿನಕ್ಕೆ ಐದೂ ಹಾಪ್ಸ್ ಐದೂ ಮೂಗಿನ ಮುಂದೆ ಹಾಯ್ದಿರುತ್ತೆ. ಹೆಚ್ಚು ಜನ ಮೆಚ್ಚಿದ್ದು ನಮ್ಮ ಹಾಪ್ಸು!"

ಯೋಜನೆಯಲ್ಲಿ ಲೋಪ ಹುಡುಕಲು ಹೆಂಡತಿಗೂ ಆಗಲಿಲ್ಲ. ಲೋಪವಿದ್ದದ್ದು ಯೋಜನೆಯಲ್ಲಲ್ಲ, ಐದು ಜನರಲ್ಲಿ.

ಬಿಯರು ಸಾಮಾನಿನ ಅಂಗಡಿಯಾಕೆ ಬ್ಲಾಂಡ್ ಏಲಿಗೆ ಹೊಂದುವ ಐದು ತಳಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು: ಒಂದು ಹೂವಿನ ಪರಿಮಳದ್ದು, ಒಂದು ನಿಂಬೆಯದು, ಒಂದು ಮೆಣಸಿನ ಘಾಟಿನದು, ಒಂದು ಜೇನಿನದು, ಒಂದು ಒಣಹುಲ್ಲಿನದು. ನಂಬರಪ್ಪನವರು ಒಂದೊಂದನ್ನೂ ಗಂಭೀರವಾಗಿ ಮೂಸುತ್ತ ಮುಕ್ಕಾಲು ಗಂಟೆ ಕಳೆದರು.

"ಏನು ಅನ್ನಿಸ್ತು ಸಾರ್?" ಎಂದು ಆಕೆ ಕೇಳಿದಳು.

"ಹಸಿರಾಗಿದೆ."

"ಅದು ಕಣ್ಣಿಗೂ ಕಾಣುತ್ತೆ ಸಾರ್. ಬೇಗ ಮುಗಿಸಿ, ನಾಳೆಯಿಂದ ಹದಿನೈದು ದಿನ ಅಂಗಡಿ ಬಾಗಿಲು ಹಾಕ್ತಾ ಇದ್ದೀನಿ."

ಐದನ್ನೂ ಕೊಂಡು ತಂದು, ಲಕೋಟೆ ಹರಿದು, ಬಿಳಿ ಬಟ್ಟೆಯ ಚೀಲಗಳಿಗೆ ಸುರಿದು, ತಳಿಯ ಹೆಸರು ಯಾರಿಗೂ ತಿಳಿಯಬಾರದೆಂದು ಲಕೋಟೆಗಳನ್ನು ಕಸಕ್ಕೆ ಹಾಕಿ, ಚೀಲದ ಮೇಲೆ ಕಚೇರಿಯ ರೂಢಿಯಂತೆ ಕೆಂಪು ವೃತ್ತ ಎಳೆದು, ಒಳಗೆ ೧ರಿಂದ ೫ರವರೆಗೆ ನಂಬರು ಬರೆದರು. ಯಾವ ನಂಬರಿಗೆ ಯಾವ ತಳಿ ಎಂಬ ಪಟ್ಟಿಯನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು.

ಬೆಳಿಗ್ಗೆ ಮನೆಯಿಂದ ಇಳಿದಾಗ ಮೊದಲು ಕಂಡವನು ಕಟ್ಟಡದ ಕಾವಲುಗಾರ. ಅವನಿಗೆ ಒಂದನೇ ಚೀಲ. ಕಚೇರಿಯ ಬಾಗಿಲಲ್ಲಿ ಸಿಕ್ಕ ಜವಾನನಿಗೆ ಎರಡನೆಯದು. ಸಂಜೆ ಮಗಳ ಮನೆಗೆಂದು ಬಂದ ಅತ್ತೆಗೆ ಮೂರನೆಯದು. ಎದುರು ಮನೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ, ಕಟ್ಟಡದ ನಿವಾಸಿಗಳ ಸಂಘಕ್ಕೂ ಅವರೇ ಅಧ್ಯಕ್ಷೆ, ಅವರಿಗೆ ನಾಲ್ಕನೆಯದು. ಮೊದಲ ದಿನ ರಜೆಯಲ್ಲಿದ್ದ ಕಚೇರಿಯ ಸೂಪರಿಂಟೆಂಡೆಂಟರಿಗೆ ಮರುದಿನ ಬೆಳಿಗ್ಗೆ ಐದನೆಯದು. ಬಂದವರ ಸರದಿಯಂತೆ ಬಂದ ನಂಬರು. ಟಪಾಲು ವಿಭಾಗದಲ್ಲಿ ಇದಕ್ಕಿಂತ ನ್ಯಾಯವಾದ ಕ್ರಮವನ್ನು ಯಾರೂ ಕಂಡಿಲ್ಲ.

ಕಾವಲುಗಾರ ತನ್ನ ಚೀಲವನ್ನು ಅಂಗಿಯ ಜೇಬಿಗೆ ಪಿನ್ನು ಹಾಕಿ, ಪದಕದಂತೆ ತೂಗುಬಿಟ್ಟುಕೊಂಡಿದ್ದ. ಅದೇ ಬೆಳಿಗ್ಗೆ ನಡಿಗೆಗೆ ಇಳಿದ ಮುಖ್ಯೋಪಾಧ್ಯಾಯಿನಿ ಗಕ್ಕನೆ ನಿಂತರು.

"ಏನಪ್ಪ ಅದು?"

"ಸಾಹೇಬ್ರು ಕೊಟ್ರು ಮೇಡಂ. ಒಂದನೇ ನಂಬರು."

"ನಿನಗೆ ಒಂದಾ?"

"ಹೌದು ಮೇಡಂ. ನಿಮಗೆಷ್ಟು ಬಂತು?"

ಎಷ್ಟು ಬಂತು! ಆ ಪ್ರಶ್ನೆಯನ್ನು ಮೂವತ್ತೈದು ವರ್ಷ ಇತರರಿಗೆ ಕೇಳಿದವರು ಆಕೆ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದು ನಂಬರಪ್ಪನವರ ಕರೆಗಂಟೆಯ ಮೇಲೆ ಇಟ್ಟ ಬೆರಳನ್ನು ಬಾಗಿಲು ತೆರೆದ ಮೇಲೂ ತೆಗೆಯಲಿಲ್ಲ.

"ಏನ್ರೀ ಇದು? ಸಾವಿರಾರು ಮಕ್ಕಳಿಗೆ ರ‍್ಯಾಂಕ್ ಕೊಟ್ಟ ಕೈ ಇದು. ನನಗೆ ನಾಲ್ಕನೇ ರ‍್ಯಾಂಕಾ? ಯಾವ ಪರೀಕ್ಷೆ ಇಟ್ಟಿದ್ರಿ? ನನ್ನ ಉತ್ತರಪತ್ರಿಕೆ ಎಲ್ಲಿ?"

"ಮೇಡಂ, ಅದು ನಿಮ್ಮ ನಂಬರಲ್ಲ, ಚೀಲದ ನಂಬರು. ಸಮಾಧಾನ ಮಾಡ್ಕೊಳ್ಳಿ. ಹೇಗೂ ಇವತ್ತು ಚೀಲ ಬದಲಾಗುತ್ತೆ. ಕಾವಲುಗಾರನ ಒಂದನೇ ನಂಬರು ಇವತ್ತು ನಿಮಗೇ ಬರುತ್ತೆ."

"ಅವನು ಒಂದು ದಿನ ಇಟ್ಕೊಂಡು ಬಿಟ್ಟ ಒಂದನೇ ಸ್ಥಾನ ನನಗೆ ಕೊಡ್ತೀರಾ?"

ಇತ್ತ ಕಾವಲುಗಾರನೂ ಚೀಲ ಬಿಡಲೊಪ್ಪಲಿಲ್ಲ. "ಕೊಡಲ್ಲ ಸಾರ್. ಹುಟ್ಟಿದಾಗಿಂದ ಮೊದಲ ಸಲ ಒಂದನೇ ನಂಬರು ಬಂದಿರೋದು. ಊರಿಗೆ ಫೋನು ಮಾಡಿ ಹೇಳೂ ಆಯ್ತು" ಎಂದು ಜೇಬನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ.

ಅತ್ತೆಯ ರೀತಿ ಬೇರೆ. ಅವರು ಕಿರುಚುವವರಲ್ಲ, ಅಡುಗೆಮನೆಯ ಬಾಗಿಲಿಗೆ ಒರಗಿ, ಮಗಳಿಗೆ ಹೇಳುವ ನೆಪದಲ್ಲಿ ಅಳಿಯನಿಗೆ ಕೇಳಿಸುವವರು. "ಇರಲಿ ಬಿಡಮ್ಮ. ಹೆಣ್ಣು ಕೊಟ್ಟವಳು ನಾನು. ಬಾಗಿಲು ಕಾಯೋನು ಮೊದಲು, ಆಫೀಸಲ್ಲಿ ಗಂಟೆ ಬಾರಿಸೋನು ಆಮೇಲೆ, ಅವರಿಬ್ಬರ ಹಿಂದೆ ನಾನು ನಿಂತ್ಕೊಂಡ್ರೆ ಆಯ್ತು. ನನ್ನ ಕಾಲೂ ಏನು ನೋಯಲ್ಲ."

"ಅತ್ತೆ, ನೀವು ಬಂದದ್ದು ಸಂಜೆ! ಬೆಳಿಗ್ಗೆನೇ ಬಂದಿದ್ರೆ ನಿಮಗೇ ಒಂದು ಕೊಡ್ತಿದ್ದೆ!"

"ಕೇಳಿದೆಯಾ? ತಡವಾಗಿ ಬಂದೆ ಅಂತ ಬೇರೆ ಅಂತಾರೆ."

ಕಚೇರಿಯಲ್ಲಿ ಜವಾನ ಬಾಯಿ ತಪ್ಪಿ ಏನನ್ನೂ ಹೇಳಲಿಲ್ಲ, ಬೇಕೆಂದೇ ಹೇಳಿದ. ಚಹಾ ಕೊಡುವಾಗ "ನನ್ನದು ಎರಡು ಸಾರ್, ತಮ್ಮದು?" ಎಂದು ವಿನಯದಿಂದ ವಿಚಾರಿಸಿದ. ಸೂಪರಿಂಟೆಂಡೆಂಟರು ಕಾಗದ ಎಳೆದುಕೊಂಡರು. ಹನ್ನೊಂದು ಗಂಟೆಗೆ ಟಪಾಲು ವಿಭಾಗಕ್ಕೆ ಒಂದು ಜ್ಞಾಪನಾಪತ್ರ ಬಂತು:

"ಸದರಿ ನೌಕರರು ಕೆಳಗೆ ಸಹಿ ಮಾಡಿರುವವರನ್ನು ಯಾವ ಮಾನದಂಡದ ಮೇರೆಗೆ ಐದನೇ ಸ್ಥಾನದಲ್ಲಿಯೂ, ಕೆಳಗೆ ಸಹಿ ಮಾಡಿರುವವರ ಚಹಾ ತರತಕ್ಕ ಜವಾನನನ್ನು ಎರಡನೇ ಸ್ಥಾನದಲ್ಲಿಯೂ ಇರಿಸಿರುತ್ತಾರೆಂಬ ಬಗ್ಗೆ ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು."

ಒಳಬಂದ ಕಾಗದವಾದ್ದರಿಂದ ಅದಕ್ಕೂ ಕೆಂಪು ವೃತ್ತ ಎಳೆದು ನಂಬರು ಹಾಕಬೇಕಾದವರು ನಂಬರಪ್ಪನವರೇ. ಅಂದಿನ ಸರದಿಯಲ್ಲಿ ಅದಕ್ಕೆ ಬಂದ ನಂಬರು ನಲವತ್ತೊಂದು. ಅದನ್ನು ಕಂಡು ಸೂಪರಿಂಟೆಂಡೆಂಟರು, "ಈಗ ನಲವತ್ತೊಂದಕ್ಕೆ ಇಳಿಸಿದ್ರಾ?" ಎಂದು ಕುರ್ಚಿಯಿಂದ ಎದ್ದೇಬಿಟ್ಟರು.

ಆ ಭಾನುವಾರ ಬೆಳಿಗ್ಗೆ ಕಟ್ಟಡದ ವಾಹನ ನಿಲ್ಲಿಸುವ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿ, ನಿವಾಸಿಗಳ ಸಂಘದ ತುರ್ತುಸಭೆ ಸೇರಿತು. ವಿಷಯಪಟ್ಟಿಯಲ್ಲಿ ಒಂದೇ ವಿಷಯ: 'ಸದಸ್ಯರೊಬ್ಬರು ಇತರರಿಗೆ ಸ್ಥಾನ ನಿಗದಿ ಮಾಡಿದ್ದು.' ನೊಂದವರ ಸಾಲಿನಲ್ಲಿ ಅತ್ತೆ ಕೈಕಟ್ಟಿ ಕುಳಿತಿದ್ದರು. ಸೂಪರಿಂಟೆಂಡೆಂಟರು ಕಡತದೊಂದಿಗೆ ಬಂದಿದ್ದರು. ಜವಾನ ಅವರ ಕಡತ ಹಿಡಿದುಕೊಳ್ಳಲು ಬಂದಿದ್ದ, ಆದರೆ ಎರಡನೇ ನಂಬರಿನವನಾದ್ದರಿಂದ ಅವರಿಗಿಂತ ಒಂದು ಕುರ್ಚಿ ಮುಂದೆ ಕುಳಿತಿದ್ದ.

"ಸ್ಪಷ್ಟವಾಗಿ ಹೇಳ್ತೀನಿ," ಎಂದು ನಂಬರಪ್ಪನವರು ಕೂಗಿದರು. ಅವರ ಕಿವಿಗಳು ಕೆಂಪಾಗಿದ್ದವು. "ಅದು ಹಾಪ್ಸು! ಬಿಯರಿಗೆ ಹಾಕೋ ಹೂವು! ಯಾರ ಮರ್ಯಾದೆಯೂ ಅಲ್ಲ! ನಂಬರು ಅಂದ್ರೆ ಗುರುತು, ಸ್ಥಾನ ಅಲ್ಲ!"

"ಗುರುತಿಗೆ ನಂಬರೇ ಯಾಕೆ ಬೇಕಿತ್ತು?" ಎಂದರು ಮುಖ್ಯೋಪಾಧ್ಯಾಯಿನಿ. "ಹೂವು, ಹಣ್ಣು, ಪಕ್ಷಿ ಬರೀಬಹುದಿತ್ತಲ್ಲ? ಶಿಶುವಿಹಾರದಲ್ಲಿ ಹಾಗೇ ಮಾಡೋದು."

"ನನಗೆ ಗೂಬೆ ಬಂದಿದ್ರೆ?" ಎಂದರು ಸೂಪರಿಂಟೆಂಡೆಂಟರು ತಕ್ಷಣ.

ಅಷ್ಟರಲ್ಲಿ ಮೂರನೇ ಮಹಡಿಯ ವಿಮಾ ಏಜೆಂಟರು ಹಿಂದಿನ ಸಾಲಿನಿಂದ ಎದ್ದರು. ಅವರ ಕಣ್ಣಲ್ಲಿ ನೀರಿತ್ತು. "ಇವರೆಲ್ಲ ಪುಣ್ಯವಂತರು. ನಾಲ್ಕೋ ಐದೋ ಏನೋ ಒಂದು ಬಂತು. ಒಂಬತ್ತು ವರ್ಷದಿಂದ ಮೇಲ್ಗಡೆ ಮನೆಯಲ್ಲೇ ಇದ್ದೀನಿ. ನನಗೆ ಚೀಲಾನೇ ಇಲ್ಲ. ನನ್ನನ್ನ ಲೆಕ್ಕಕ್ಕೇ ಹಿಡಿದಿಲ್ಲ!"

ಎಲ್ಲರೂ ನಂಬರಪ್ಪನವರನ್ನು ಕಟುಕನನ್ನು ನೋಡುವಂತೆ ನೋಡಿದರು.

ಎರಡು ಗಂಟೆಗಳ ಚರ್ಚೆಯ ನಂತರ ನಿರ್ಣಯ ಅಂಗೀಕಾರವಾಯಿತು: ಐದೂ ಚೀಲಗಳ ಮೇಲೆ ಒಂದನೇ ನಂಬರನ್ನೇ ಬರೆಯತಕ್ಕದ್ದು. ವಿಮಾ ಏಜೆಂಟರಿಗೆ ಸಭೆಯ ವತಿಯಿಂದ ವಿಷಾದಪತ್ರ ಕೊಡತಕ್ಕದ್ದು. ಕಾವಲುಗಾರನೊಬ್ಬನೇ ವಿರೋಧಿಸಿದ. "ಎಲ್ಲರೂ ಒಂದಾದ್ರೆ ನಾನು ಒಂದಾಗಿದ್ದು ಏನು ಬಂತು?" ಎಂಬ ಅವನ ಪ್ರಶ್ನೆಯನ್ನು ಎಲ್ಲರೂ ಕೈ ಎತ್ತಿ ಸೋಲಿಸಿದರು.

ನಿರ್ಣಯವನ್ನು ಜಾರಿಗೆ ತರುವ ಹೊಣೆಯನ್ನು ಅತ್ತೆ ವಹಿಸಿಕೊಂಡರು. ಮರುದಿನ ಸಂಜೆ ನಂಬರಪ್ಪನವರು ಕಚೇರಿಯಿಂದ ಬಂದಾಗ ಊಟದ ಮೇಜಿನ ಮೇಲೆ ಐದು ಹೊಸ ಚೀಲಗಳು, ಕೆಂಪು ದಾರದಲ್ಲಿ ಕಸೂತಿ ಹಾಕಿದ ಐದು ಒಂದುಗಳನ್ನು ಹೊತ್ತು, ಸಾಲಾಗಿ ಕುಳಿತಿದ್ದವು.

"ಹಳೇ ಚೀಲ ಎಲ್ಲಿ ಅತ್ತೆ?" ಎಂದರು ನಂಬರಪ್ಪನವರು.

"ಒಗೆದು ಹಾಕಿದೀನಿ."

"ಇದರಲ್ಲಿ ಯಾವುದು ಯಾವ ಚೀಲದ್ದು?"

"ಯಾವುದೂ ಯಾವ ಚೀಲದ್ದೂ ಅಲ್ಲ. ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಡಿಮೆ ಅಂತ ಮತ್ತೆ ಜಗಳ ಬರಬಾರದು ಅಂತ ಐದನ್ನೂ ದೊಡ್ಡ ಪಾತ್ರೆಗೆ ಸುರಿದು, ಚೆನ್ನಾಗಿ ಕಲಸಿ, ಚಮಚದಲ್ಲಿ ಅಳೆದು ಐದು ಪಾಲು ಮಾಡಿದೆ. ಒಂದು ಗುಳಿಗೆ ಹೆಚ್ಚಿಲ್ಲ, ಒಂದು ಗುಳಿಗೆ ಕಡಿಮೆ ಇಲ್ಲ."

ನಂಬರಪ್ಪನವರು ಕುರ್ಚಿ ಇದೆಯೆಂದುಕೊಂಡ ಜಾಗದಲ್ಲಿ ಕುಳಿತರು. ಅಲ್ಲಿ ಕುರ್ಚಿ ಇರಲಿಲ್ಲ.

ಆದರೂ ಪರೀಕ್ಷೆ ನಡೆಯಿತು. ಒಪ್ಪಿಗೆಯಾದ ಪರೀಕ್ಷೆಯನ್ನು ನಿಲ್ಲಿಸಲು ಯಾರಿಗೂ ಅಧಿಕಾರವಿರಲಿಲ್ಲ. ವಾರದ ಕೊನೆಗೆ ಐದು ಚೀಟಿಗಳು ಬಂದವು. ಐದರಲ್ಲೂ ಒಂದೇ ಅಭಿಪ್ರಾಯ: ಒಂದನೇ ನಂಬರು ಅತ್ಯುತ್ತಮ. ಸೂಪರಿಂಟೆಂಡೆಂಟರದು ಮೂರು ಪ್ರತಿಗಳಲ್ಲಿತ್ತು. ಇಷ್ಟು ಸರ್ವಾನುಮತದ, ಇಷ್ಟು ನಿರುಪಯುಕ್ತವಾದ ಫಲಿತಾಂಶ ಪರೀಕ್ಷೆಗಳ ಇತಿಹಾಸದಲ್ಲಿ ಇನ್ನೊಂದಿರಲಾರದು.

ಅಂಗಡಿಗೆ ಬೀಗ. ರುಚಿಸಭೆಗೆ ನಾಲ್ಕೇ ವಾರ; ಹುದುಗಲು ಎರಡು, ಬಾಟಲಿಯಲ್ಲಿ ಪಳಗಲು ಎರಡು. ಮರುದಿನ ದೊಡ್ಡ ಪಾತ್ರೆಯಲ್ಲಿ ಮೊಳಕೆ ಬಾರ್ಲಿಯ ರಸ ಕುದಿದು ಅಂಚಿಗೆ ಬಂದಾಗಲೂ ನಂಬರಪ್ಪನವರು ಅತ್ತೆಯ ಪಾಲಿನ ಚೀಲವನ್ನು ಕೈಯಲ್ಲಿ ಹಿಡಿದು ಅನ್ಯಾಯ, ಅನ್ಯಾಯ ಎಂದು ಗೊಣಗುತ್ತಿದ್ದರು.

"ಅನ್ಯಾಯ ಆಮೇಲೆ ಆಗಲಿ, ಈಗ ರಸ ಉಕ್ತಾ ಇದೆ. ಹಾಕ್ರೀ!" ಎಂದು ಹೆಂಡತಿ ಕೂಗಿದಳು.

ಹಾಕಿದರು. ಕಹಿಗೆಂದು ಮೊದಲೇ ಸ್ವಲ್ಪ, ಪರಿಮಳಕ್ಕೆಂದು ಕೊನೆಯಲ್ಲಿ ಉಳಿದದ್ದು. ನಾಲ್ಕು ವಾರಗಳ ಬಳಿಕ ಬಾಟಲಿಯ ಮುಚ್ಚಳ ತೆಗೆದಾಗ ಬಿಯರು ತಿಳಿಯಾಗಿ, ಹೊಂಬಣ್ಣದಲ್ಲಿ ಹೊಳೆಯುತ್ತಿತ್ತು. ಹೆಂಡತಿ ಒಂದು ಗುಟುಕು ಕುಡಿದು, ಇನ್ನೊಂದು ಗುಟುಕು ಕುಡಿದು, "ಇದೇನ್ರೀ, ಚೆನ್ನಾಗೇ ಆಗಿಬಿಟ್ಟಿದೆ!" ಎಂದಳು, ಮೋಸಹೋದವಳಂತೆ.

ರುಚಿಸಭೆ ದಂತವೈದ್ಯರ ಮನೆಯ ಅಂಗಳದಲ್ಲಿ ನಡೆಯಿತು. ಪರೀಕ್ಷೆಯ ಸಾಕ್ಷಿಗಳೆಂದು ಐದೂ ಮಂದಿಗೆ ಮುಂದಿನ ಸಾಲು. ಬ್ಲಾಂಡ್ ಏಲ್ ಎಲ್ಲರ ಗ್ಲಾಸಿಗೂ ಬಿತ್ತು. ಕುಡಿದವರೆಲ್ಲ ತಲೆದೂಗಿದರು. ಮುಂದಿನ ಸಾಲಿನವರು ಮಾತ್ರ ತಲೆದೂಗುವುದರ ಜೊತೆಗೆ ಅರ್ಥಪೂರ್ಣವಾಗಿ ನಕ್ಕರು. ಗ್ಲಾಸಿನಲ್ಲಿರುವುದು ತನ್ನ ಚೀಲದ್ದೇ ಎಂಬುದರಲ್ಲಿ ಐವರಲ್ಲಿ ಒಬ್ಬರಿಗೂ ಸಂಶಯವಿರಲಿಲ್ಲ.

"ಬಿಯರು ಬಿಡಿ, ಗಂಟಲಲ್ಲಿ ಇಳೀತು" ಎಂದು ಭಾಮೈದ ಎದ್ದ. "ಹಾಪ್ಸಿನ ಹೆಸರು ಹೇಳಿ ಭಾವ. ಐದರಲ್ಲಿ ಯಾರ ಚೀಲ ಗೆದ್ದಿತು? ಅರ್ಧ ಗಂಟೆ ಭಾಷಣ ಬಾಕಿ ಇದೆ. ಬಾಟಲಿಗಳು ಹಿತ್ತಲಲ್ಲಿ ರೆಡಿ ಇವೆ."

ನಂಬರಪ್ಪನವರು ಎದ್ದು ಮುಂದಿನ ಸಾಲನ್ನು ನೋಡಿದರು. ಮುಖ್ಯೋಪಾಧ್ಯಾಯಿನಿಯ ಕೈಯಲ್ಲಿ ಕೆಂಪು ಪೆನ್ನು. ಸೂಪರಿಂಟೆಂಡೆಂಟರ ತೊಡೆಯ ಮೇಲೆ ಕಡತ. ಕಾವಲುಗಾರನ ಕಣ್ಣಲ್ಲಿ ಆಸೆ. ಜವಾನನ ಮುಖದಲ್ಲಿ ವಿಶ್ವಾಸ. ಅತ್ತೆಯ ದೃಷ್ಟಿ ಮಾತ್ರ ನೇರವಾಗಿ ಅಳಿಯನ ಮೇಲಿತ್ತು. ಕಲಸಿದ ಪಾತ್ರೆಯ ವಿಷಯ ಬಾಯಿಬಿಟ್ಟರೆ ಉಳಿದ ಆಯುಷ್ಯದಲ್ಲಿ ಏನು ಕಾದಿದೆ ಎಂಬುದನ್ನು ಆ ದೃಷ್ಟಿ ಸವಿವರವಾಗಿ ತಿಳಿಸುತ್ತಿತ್ತು. ಒಬ್ಬರ ಹೆಸರು ಹೇಳಿದರೆ ನಾಲ್ವರು ವೈರಿಗಳು. ನಿಜ ಹೇಳಿದರೆ ಐವರು. ಸುಮ್ಮನಿದ್ದರೆ ತಿಂಗಳಿಗೆ ಆರುನೂರು ಬಾಟಲಿ.

ತಿಂಗಳಿಡೀ ಅದುಮಿಟ್ಟ ಸಿಟ್ಟು ಆಗ ಒಡೆಯಿತು.

"ಗೊತ್ತಿಲ್ಲ!" ಎಂದು ಅವರು ಮೇಜು ಗುದ್ದಿದರು. "ಇದರಲ್ಲಿ ಯಾವ ಹಾಪ್ಸ್ ಇದೆಯೋ ನನಗೆ ಗೊತ್ತಿಲ್ಲ! ಯಾಕಂದ್ರೆ ನನಗೆ ವಾಸನೆಯೇ ತಿಳಿಯಲ್ಲ! ಹನ್ನೊಂದು ವರ್ಷದಿಂದ ತಿಳಿಯಲ್ಲ! ಹೂವೂ ಇಲ್ಲ, ನ್ಯಾಫ್ತಲೀನೂ ಇಲ್ಲ! ಅವತ್ತು ಕಿತ್ತಳೆ ಸಿಪ್ಪೆ ಅಂದದ್ದು ಬರೀ ಬುರುಡೆ! ಆಯ್ತಾ? ಬಾಟಲಿ ಎಲ್ಲಿವೆ? ತಗೊಂಡು ಬನ್ನಿ!"

ದಂತವೈದ್ಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನೋಡಿದ್ರಾ? ಒಬ್ಬರ ಹೆಸರು ಹೇಳಿದ್ರೆ ನಾಲ್ಕು ಜನರಿಗೆ ನೋವಾಗುತ್ತೆ ಅಂತ, ಈ ಮನುಷ್ಯ ತನ್ನ ಮೂಗನ್ನೇ ಬಲಿ ಕೊಟ್ಟುಬಿಟ್ಟ!"

"ಬಲಿ ಅಲ್ಲ ರೀ! ನಿಜವಾಗ್ಲೂ ಇಲ್ಲ!"

"ಎಂಥ ದೊಡ್ಡ ಮನಸ್ಸು" ಎಂದರು ಸೂಪರಿಂಟೆಂಡೆಂಟರು, ಕಡತವನ್ನು ಮುಚ್ಚುತ್ತ. ಮುಂದೆ ಬಾಗಿ, "ನನ್ನದೇ ಅಂತ ನನಗೆ ಗೊತ್ತಾಯ್ತು ಬಿಡಿ, ಯಾರಿಗೂ ಹೇಳಲ್ಲ" ಎಂದು ಪಿಸುಗುಟ್ಟಿದರು. ಪಕ್ಕದಲ್ಲೇ ಮುಖ್ಯೋಪಾಧ್ಯಾಯಿನಿ ಕೂಡ ಕಣ್ಣಲ್ಲೇ ಅದೇ ಮಾತು ಹೇಳಿದರು. ಕಾವಲುಗಾರ ಎದ್ದು ನಿಂತು ಸಲಾಮು ಹೊಡೆದ.

"ಅಳಿಯಂದ್ರು ಮೊದಲಿಂದಲೂ ಹಾಗೇ" ಎಂದರು ಅತ್ತೆ. ನಿರಾಳವಾಗಿ ಉಸಿರುಬಿಟ್ಟವರಲ್ಲಿ ಅವರೇ ಮೊದಲಿಗರು.

"ನಾನು ನಿಜ ಹೇಳ್ತಾ ಇದ್ದೀನಿ!" ಎಂದು ನಂಬರಪ್ಪನವರು ಅರಚಿದಷ್ಟೂ ಚಪ್ಪಾಳೆ ಹೆಚ್ಚಿತು.

"ನಿಲ್ಸಿ!" ಎಂದು ಭಾಮೈದ ನಡುವೆ ನುಗ್ಗಿದ. ಅವನ ಮುಖ ಅವನ ಅಂಗಡಿಯ ಸರಕಿನಂತೆ ಕಪ್ಪಾಗಿ ಊದಿತ್ತು. "ತ್ಯಾಗವೂ ಇಲ್ಲ, ಮಣ್ಣೂ ಇಲ್ಲ! ನಾಟಕ! ಇಲ್ಲೇ ಪರೀಕ್ಷೆ ಆಗಲಿ. ಕಣ್ಣಿಗೆ ಬಟ್ಟೆ ಕಟ್ಟಿ, ನಾನೊಂದು ಲೋಟ ಮೂಗಿನ ಹತ್ತಿರ ಹಿಡೀತೀನಿ. ಏನಿದೆ ಅಂತ ಹೇಳಲಿ. ಸರಿಯಾಗಿ ಹೇಳಿದ್ರೆ ವರ್ಷವಿಡೀ ಬಾಟಲಿ ನಾನು ತೊಳೀತೀನಿ!"

ಒಪ್ಪಿಗೆಯಾಯಿತು. ಕಣ್ಣಿಗೆ ಬಟ್ಟೆ ಬಿತ್ತು. ಭಾಮೈದ ಒಳಗೆ ಹೋಗಿ ಎತ್ತರದ ಸ್ಟೀಲು ಲೋಟವೊಂದನ್ನು ತಂದ. ಅವನ ಲೆಕ್ಕ ಸರಳವಾಗಿತ್ತು: ಜಂಬದ ಮನುಷ್ಯ ಏನಾದರೊಂದು ಹೇಳದೆ ಇರಲಾರ, ಮತ್ತೆ ಕಿತ್ತಳೆ ಎನ್ನುತ್ತಾನೆ, ಇಲ್ಲವೇ ಜೇನು ಎನ್ನುತ್ತಾನೆ. ಏನೆಂದರೂ ಸಿಕ್ಕಿಬೀಳಬೇಕೆಂದು ಲೋಟದ ತುಂಬ ಅವನು ಹಿಡಿದದ್ದು ನಲ್ಲಿಯ ನೀರು.

ನಂಬರಪ್ಪನವರು ಮೂಸಿದರು. ಉಸಿರು ಎಳೆದಷ್ಟೂ ಅವರಿಗೆ ರೋಷ ಉಕ್ಕಿತು.

"ಎಷ್ಟು ಸಲ ಹೇಳಬೇಕು ನಿಮಗೆ? ಏನೂ ಇಲ್ಲ! ವಾಸನೆಯೇ ಇಲ್ಲ! ಏನೂ ಬರ್ತಾ ಇಲ್ಲ!"

ದಂತವೈದ್ಯರು ಲೋಟವನ್ನು ಇಸಿದುಕೊಂಡು ಇಣುಕಿದರು, ಒಂದು ಗುಟುಕು ಕುಡಿದರು, ಲೋಟವನ್ನು ಎಲ್ಲರೆದುರು ತಲೆಕೆಳಗು ಮಾಡಿ ನೆಲಕ್ಕೆ ಸುರಿದರು.

"ನೀರು! ನೀರು ಕೊಟ್ಟು ಮೋಸ ಮಾಡಕ್ಕೆ ನೋಡಿದ್ರು. ಮೂಗು ಮೋಸ ಹೋಗಲಿಲ್ಲ!"

ಅಂಗಳದಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಬೀದಿಯ ನಾಯಿಗಳೆಲ್ಲ ಬೊಗಳಿದವು. ಭಾಮೈದ ಏನೇನೋ ವಿವರಿಸಲು ಹೊರಟ. ಅತ್ತೆ ಸ್ವಂತ ಮಗನ ತೋಳು ಹಿಡಿದು, "ಸಾಕು, ಮಾನ ಕಳೀಬೇಡ, ಹೋಗಿ ಬ್ರಷ್ ತಗೋ" ಎಂದು ಹಿತ್ತಲಿಗೆ ಅಟ್ಟಿದರು. ದಂತವೈದ್ಯರು ಅಲ್ಲಿಯೇ ನಡಾವಳಿ ಪುಸ್ತಕ ಬಿಚ್ಚಿ, ಪರಿಮಳ ವಿಭಾಗಕ್ಕೆ ನಂಬರಪ್ಪನವರನ್ನು ಆಜೀವ ತೀರ್ಪುಗಾರರನ್ನಾಗಿ ನೇಮಿಸಿ, ಅವರ ತೀರ್ಪಿಗೆ ಮೇಲ್ಮನವಿ ಇಲ್ಲವೆಂದೂ ಸೇರಿಸಿದರು.

ಅವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಬಳಗದ ಹದಿನಾಲ್ಕೂ ಸದಸ್ಯರ ಗ್ಲಾಸುಗಳನ್ನು ಮುಂದೆ ಸಾಲಾಗಿ ಜೋಡಿಸಿದರು. ಮೊದಲನೆಯದು ದಂತವೈದ್ಯರದು.

"ಹೇಳಿ ಸಾರ್, ಹೇಗಿದೆ ಪರಿಮಳ?"

ನಂಬರಪ್ಪನವರು ಅವರನ್ನು ದುರುಗುಟ್ಟಿ ನೋಡಿ, ಬಗ್ಗಿ ಮೂಸಿದರು. "ಇಲ್ಲ."

"ಇಲ್ಲ ಅಂದ್ರೆ?"

"ವಾಸನೆ ಬರ್ತಾ ಇಲ್ಲ."

ದಂತವೈದ್ಯರ ಮುಖ ಬಿಳಿಚಿತು, ಕೆಂಪಾಯಿತು, ಏನೋ ಹೇಳಲು ಬಾಯಿ ತೆರೆಯಿತು. ಮೇಲ್ಮನವಿ ಇಲ್ಲವೆಂದು ಬರೆದವರು ತಾವೇ ಎಂಬುದು ನೆನಪಾಗಿ ಮುಚ್ಚಿಕೊಂಡಿತು. ಎರಡನೆಯ ಗ್ಲಾಸಿಗೂ ಇಲ್ಲ. ಮೂರನೆಯದಕ್ಕೂ ಇಲ್ಲ. ನಾಲ್ಕನೆಯ ಗ್ಲಾಸಿನವನು "ಮುಷ್ಟಿಗಟ್ಟಲೆ ಹಾಪ್ಸ್ ಹಾಕಿದೀನಿ ಸ್ವಾಮಿ!" ಎಂದು ಅಳುದನಿಯಲ್ಲಿ ಪ್ರತಿಭಟಿಸಿದ, ಅವನಿಗೂ ಇಲ್ಲ. ಹದಿನಾಲ್ಕನೆಯದು ತಮ್ಮದೇ ಬ್ಲಾಂಡ್ ಏಲೆಂದು ಗೊತ್ತಿದ್ದೂ ನಂಬರಪ್ಪನವರು ಇಲ್ಲ ಎಂದರು. ಇಂಥ ನಿಷ್ಪಕ್ಷಪಾತವನ್ನು ತಾವು ಕೋರ್ಟಿನಲ್ಲೂ ಕಂಡಿಲ್ಲವೆಂದು, ಕರೆಯದಿದ್ದರೂ ಬಂದಿದ್ದ ವಿಮಾ ಏಜೆಂಟರು ಹಿಂದಿನ ಸಾಲಿನಿಂದ ಗದ್ಗದಿತರಾಗಿ ನುಡಿದರು.

ಹಿತ್ತಲಿನಿಂದ ಬಾಟಲಿಗಳ ಸದ್ದು ಕೇಳಿಬರುತ್ತಿತ್ತು. ಉಳಿದ ಸದಸ್ಯರು ತಲೆ ತಗ್ಗಿಸಿ, ಮುಂದಿನ ಸಲ ಹಾಪ್ಸನ್ನು ಎರಡು ಪಾಲು ಹಾಕುವುದೆಂದು ತಮ್ಮತಮ್ಮಲ್ಲೇ ನಿಶ್ಚಯಿಸುತ್ತಿದ್ದರು. ನಂಬರಪ್ಪನವರು ಕುರ್ಚಿಯಿಂದ ಇಳಿದು, ಯಾರ ಕಡೆಗೂ ನೋಡದೆ, ಹೆಂಡತಿಯ ಜೊತೆ ಮನೆಯ ದಾರಿ ಹಿಡಿದರು. ಅಂದು ಅವರು ಕೊಟ್ಟ ಹದಿನಾಲ್ಕು ತೀರ್ಪುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ.